ಚಿತ್ರದಲ್ಲಿ ಕಪ್ಪೆಗಳೆಷ್ಟು? ಎಣಿಕೆ ಕಲಿಸುವ ಮಳೆಗಾಲದ ಹುಡುಕಾಟ

ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಒಪ್ಪಿಸುವ ಮಗುವಿನ ಮುಂದೆ ಏಳು ಹುಣಸೆ ಬೀಜಗಳನ್ನು ಚೆಲ್ಲಿ ಎಷ್ಟಿವೆ ಎಂದು ಕೇಳಿದರೆ ಒಮ್ಮೆ ಆರು, ಮತ್ತೊಮ್ಮೆ ಒಂಬತ್ತು ಎಂಬ ಉತ್ತರ ಬರುವುದುಂಟು. ಸಂಖ್ಯೆಗಳ ಹೆಸರು ಬಾಯಿಪಾಠವಾಗುವುದೇ ಬೇರೆ, ಎಣಿಕೆ ಬರುವುದೇ ಬೇರೆ. ಒಂದನೇ ತರಗತಿಯಲ್ಲಿ ಈ ಅಂತರ ಶಿಕ್ಷಕರ ಗಮನಕ್ಕೆ ಬಾರದಿದ್ದರೆ ಮಗು ಮುಂದೆ ಕೂಡುವ, ಕಳೆಯುವ ಲೆಕ್ಕಗಳಲ್ಲಿ ಎಡವುತ್ತದೆ. ಅದನ್ನು ಬೇಗ ಗುರುತಿಸಲು ನೆರವಾಗುವ ಸುಲಭ ಸಾಧನ, ಚಿತ್ರ ಹುಡುಕಾಟದ ಹಾಳೆ.

ಹಾಳೆಯ ತುಂಬ ಆಯಾ ಋತುವಿನ ವಸ್ತುಗಳು ಒಂದರೊಡನೊಂದು ಬೆರೆತು ಚದುರಿರುತ್ತವೆ. ಮಳೆಗಾಲದ್ದಾದರೆ ಕಪ್ಪೆ, ಕೊಡೆ, ಏಡಿ, ಬಸವನಹುಳು, ಕಾಗದದ ದೋಣಿ. ಕೆಳಗೆ ಪ್ರತಿಯೊಂದರ ಹೆಸರಿಗೂ ಒಂದು ಖಾಲಿ ಚೌಕ. ಮಗು ಹುಡುಕಿ, ಎಣಿಸಿ, ಅಂಕಿ ಬರೆಯಬೇಕು.

ಸಾಲಾಗಿ ಇಟ್ಟದ್ದನ್ನು ಎಣಿಸುವುದಕ್ಕಿಂತ ಇದು ಕಷ್ಟ. ಇದರ ಪ್ರಯೋಜನವೂ ಅಲ್ಲಿಯೇ ಇದೆ. ಚದುರಿದ ಚಿತ್ರಗಳಲ್ಲಿ ಯಾವುದನ್ನು ಎಣಿಸಿಯಾಯಿತು, ಯಾವುದು ಉಳಿಯಿತು ಎಂಬುದನ್ನು ಮಗುವೇ ನೆನಪಿಡಬೇಕು. ಆದ್ದರಿಂದ ಎಣಿಸಿದ ಚಿತ್ರದ ಮೇಲೆ ಗೆರೆ ಎಳೆಯುವುದನ್ನು ಅಥವಾ ಬೀಜ ಇಡುವುದನ್ನು ಮೊದಲು ಕಲಿಸಬೇಕು. ಬೀಜಗಳಾದರೆ ಎಣಿಸಿದ ಮೇಲೆ ಸಾಲಾಗಿ ಜೋಡಿಸಿ ತಾಳೆ ನೋಡಬಹುದು, ಹಾಳೆಯೂ ಮತ್ತೊಂದು ಮಗುವಿಗೆ ಉಳಿಯುತ್ತದೆ. ಜೆರಾಕ್ಸ್ ವೆಚ್ಚವನ್ನು ಶಿಕ್ಷಕರೇ ಭರಿಸುವ ಕಡೆ ಇದೇನೂ ಸಣ್ಣ ಉಳಿತಾಯವಲ್ಲ.

ಎಣಿಕೆಯ ಹಿಂದಿರುವ ತತ್ವಗಳು ಐದು ಎಂದು ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಸಿ.ಆರ್. ಗ್ಯಾಲಿಸ್ಟೆಲ್ 1978ರಲ್ಲಿ ವಿವರಿಸಿದರು. ಅವುಗಳಲ್ಲಿ ಎರಡನ್ನು ಈ ಹಾಳೆ ಕಣ್ಣೆದುರಿಗೇ ತೋರಿಸುತ್ತದೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದು ಮೊದಲನೆಯದು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬುದು ಇನ್ನೊಂದು. ಏಳರವರೆಗೆ ಸರಿಯಾಗಿ ಎಣಿಸಿದ ಮಗುವನ್ನು ‘ಹಾಗಾದರೆ ಒಟ್ಟು ಎಷ್ಟು ಕಪ್ಪೆ?’ ಎಂದು ಕೇಳಿದಾಗ ಅದು ಮತ್ತೆ ಒಂದರಿಂದ ಎಣಿಸತೊಡಗಿದರೆ, ಎರಡನೆಯ ತತ್ವ ಇನ್ನೂ ಮನದಟ್ಟಾಗಿಲ್ಲವೆಂದೇ ತಿಳಿಯಬೇಕು. ಚೌಕದಲ್ಲಿ ಬರೆದ ಉತ್ತರವನ್ನಷ್ಟೇ ತಿದ್ದುವವರಿಗೆ ಇದು ಕಾಣುವುದಿಲ್ಲ; ಮಗುವಿನ ಬೆರಳನ್ನು ನೋಡುತ್ತಿರಬೇಕು.

ಮೂರು ವಸ್ತುಗಳಿದ್ದರೆ ಎಣಿಸದೆಯೇ ಒಂದು ನೋಟಕ್ಕೆ ಗೊತ್ತಾಗಿಬಿಡುತ್ತದೆ. ಹೀಗಾಗಿ ಒಂದನೇ ತರಗತಿಯ ಹಾಳೆಯಲ್ಲಿ ಕೆಲವಾದರೂ ಐದಕ್ಕಿಂತ ಹೆಚ್ಚಿರಬೇಕು. ಅಂಗನವಾಡಿಯ ಮಕ್ಕಳಿಗೆ ಐದರ ಒಳಗೇ ಸಾಕು.

ಅಂತರ್ಜಾಲದಲ್ಲಿ ಸಿಗುವ ಸಿದ್ಧ ಹಾಳೆಗಳಲ್ಲಿ ಹಿಮದ ಗೊಂಬೆ, ಮೇಪಲ್ ಎಲೆಗಳೇ ಹೆಚ್ಚು. ಕಂಡರಿಯದ ವಸ್ತುವನ್ನು ಗುರುತಿಸುವುದರಲ್ಲೇ ಮಗು ದಣಿದರೆ ಎಣಿಕೆಗೆ ಗಮನವೆಲ್ಲಿ? ಮಲೆನಾಡಿನ ಮಳೆಗೆ ಗೊರಬೆ, ಬಯಲುಸೀಮೆಯ ಸಂಕ್ರಾಂತಿಗೆ ಕಬ್ಬು ಮತ್ತು ಅವರೆಕಾಯಿ, ಉತ್ತರ ಕರ್ನಾಟಕದ ಚಳಿಗಾಲಕ್ಕೆ ಜೋಳದ ತೆನೆ ಹೊಂದುತ್ತವೆ. ಶಿಕ್ಷಕರೇ ಚಿತ್ರ ಬರೆದರೆ ಸಾಕು, ಅಂದವಾಗಿಯೇ ಇರಬೇಕೆಂದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಂತೆ ಹಲವು ಹಂತದ ಮಕ್ಕಳು ಒಂದೇ ಕೊಠಡಿಯಲ್ಲಿ ಕಲಿಯುವಲ್ಲಿ ಒಂದೇ ಚಿತ್ರ ಎಲ್ಲರಿಗೂ ಒದಗುತ್ತದೆ. ಕಿರಿಯರು ಕೊಡೆಗಳನ್ನು ಎಣಿಸಲಿ. ಕೊಡೆಗಳಿಗಿಂತ ಕಪ್ಪೆಗಳು ಎಷ್ಟು ಹೆಚ್ಚು ಎಂಬುದನ್ನು ಹಿರಿಯರು ಹೇಳಲಿ. ಚಿತ್ರದಲ್ಲೇ ಇಲ್ಲದ ನವಿಲಿಗೂ ಒಂದು ಚೌಕವಿಟ್ಟರೆ, ಹುಡುಕಿ ಹುಡುಕಿ ‘ಇಲ್ಲವೇ ಇಲ್ಲ’ ಎನ್ನುವ ಮಗುವಿಗೆ ಸೊನ್ನೆಯನ್ನು ಪರಿಚಯಿಸಬಹುದು.