ಬ್ರೇಕ್ ಆಯಿಲ್ ಎಲ್ಲಿಗೆ ಹೋಯಿತು?

ಕೋಲಾರದಲ್ಲಿ ಟೊಮೆಟೊ ಕ್ರೇಟ್ ತುಂಬಿಕೊಂಡ ಪಿಕಪ್ ಒಂದು ಸಿಗ್ನಲ್‌ನಲ್ಲಿ ನಿಂತಿದೆ ಎಂದುಕೊಳ್ಳಿ. ಚಾಲಕನ ಕಾಲು ಬ್ರೇಕ್ ಮೇಲಿದೆ. ಅವನು ಹೆಚ್ಚು ಬಲ ಹಾಕುತ್ತಿಲ್ಲ. ಆದರೂ ಪೆಡಲ್ ಮೆಲ್ಲಗೆ ಕೆಳಗೆ ಜಾರುತ್ತಿದೆ. ಕಾಲೆತ್ತಿ ಮತ್ತೆ ತುಳಿದರೆ ಮೇಲೆಯೇ ಸಿಗುತ್ತದೆ, ಜೋರಾಗಿ ತುಳಿದರಂತೂ ಚೆನ್ನಾಗಿ ಹಿಡಿಯುತ್ತದೆ. ‘ಬ್ರೇಕ್ ಹಿಡೀತಿದೆಯಲ್ಲ, ಲೋಡ್ ಇಳಿಸಿ ಬಂದು ನೋಡಿದರಾಯಿತು’ ಎಂದು ಹೊರಡುವವರೇ ಹೆಚ್ಚು. ಹಾಗೆ ಹೊರಡಬಾರದು. ಏಕೆಂದು ತಿಳಿಯಲು ಪೆಡಲ್‌ನ ಆಚೆ ನಡೆಯುವುದನ್ನು ನೋಡಬೇಕು.

ದ್ರವವನ್ನು ಒತ್ತಿ ಕುಗ್ಗಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಡುತ್ತದೆ ಎಂದು 17ನೇ ಶತಮಾನದಲ್ಲೇ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿದ್ದ. ಬ್ರೇಕ್ ನಿಂತಿರುವುದು ಇದರ ಮೇಲೆ. ಕಾಲು 20 ಕೆಜಿ ಬಲ ಹಾಕಿತೆನ್ನಿ. ಪೆಡಲ್‌ನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ, ಪೈಪುಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮೇಲೆ 80 ಕೆಜಿ ಬೀಳುತ್ತದೆ. ಆ ಪಿಸ್ಟನ್ನಿನ ವ್ಯಾಸ 25 ಮಿಲಿಮೀಟರ್ ಇದ್ದರೆ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ನೆರವಿಲ್ಲದೆಯೇ ಆಯಿಲ್‌ನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 16 ಕೆಜಿ ಒತ್ತಡ ಹುಟ್ಟುತ್ತದೆ. ಅದೇ ಒತ್ತಡ ಮುಂಚಕ್ರದ ಕ್ಯಾಲಿಪರ್‌ನಲ್ಲಿ 54 ಮಿಲಿಮೀಟರ್ ವ್ಯಾಸದ ಪಿಸ್ಟನ್ನನ್ನು 370 ಕೆಜಿಯಷ್ಟು ಬಲದಿಂದ ತಳ್ಳುತ್ತದೆ.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ. ಅಂಥ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ 30 ಮಿಲಿಮೀಟರ್ ಮುಂದೆ ಹೋದರೂ ತಳ್ಳುವ ಆಯಿಲ್ ಸುಮಾರು 15 ಮಿಲಿಲೀಟರ್ ಮಾತ್ರ. ಇಡೀ ಗಾಡಿ, ಅದರ ಮೇಲಿನ ಲೋಡು, ಒಳಗಿರುವ ಜೀವಗಳು ನಿಲ್ಲುವುದು ಇಷ್ಟೇ ಇಷ್ಟು ದ್ರವದಿಂದ. ಹಾಗಾಗಿ ಪೆಡಲ್ ಕೆಳಗಿಳಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಕುಗ್ಗದ ಆಯಿಲ್ ಎಲ್ಲಿಗೆ ಹೋಯಿತು?

ಪೆಡಲ್ ಇಳಿಯುವ ರೀತಿಯಲ್ಲೇ ಉತ್ತರದ ಸುಳಿವಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಗಾಳಿ ಕುಗ್ಗುತ್ತದೆ. ಮೊದಲ ತುಳಿತಕ್ಕೆ ಆಳಕ್ಕೆ ಹೋಗಿ, ಎರಡು ಸಲ ಪಂಪ್ ಮಾಡಿದ ಮೇಲೆ ಎತ್ತರದಲ್ಲಿ ನಿಂತರೆ ಹಿಂಚಕ್ರದ ಡ್ರಮ್ಮಿಗೂ ಲೈನರಿಗೂ ಅಂತರ ಹೆಚ್ಚಾಗಿರಬಹುದು. ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ. ಘಾಟಿ ಇಳಿಯುವಾಗ ಮಾತ್ರ ಪೆಡಲ್ ಕುಸಿದು, ಗಾಡಿ ತಣ್ಣಗಾದ ಮೇಲೆ ಮೊದಲಿನಂತಾದರೆ ಆಯಿಲ್ ಕುದಿದು ಆವಿಯಾಗಿದೆ. ಒಂದೇ ಸಮ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಇದ್ದರೆ ಮಾತ್ರ ಆಯಿಲ್ ಎಲ್ಲೋ ಸೋರುತ್ತಿದೆ. ಈ ಪರೀಕ್ಷೆಯನ್ನು ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹಗುರವಾಗಿ ಒತ್ತಿಯೇ ಮಾಡಬೇಕು. ಎಂಜಿನ್ ಚಾಲೂ ಮಾಡಿದ ಕ್ಷಣದಲ್ಲಿ ಪೆಡಲ್ ತುಸು ಇಳಿದು ನಿಲ್ಲುವುದು ದೋಷವಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಇನ್ನು ಆಯಿಲ್ ಡಬ್ಬಿಯ ಮಟ್ಟ ನೋಡಿ. ಅದು ಇಳಿಯುತ್ತಿದ್ದರೆ ಸೋರಿಕೆ ಹೊರಗಿದೆ. ಪೈಪು, ಹೋಸ್, ಕ್ಯಾಲಿಪರ್ ಮಾತ್ರ ನೋಡಿದರೆ ಸಾಲದು. ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್‌ನ ಧೂಳುಗವಚವನ್ನು ಮೆಲ್ಲಗೆ ಸರಿಸಿ ನೋಡಬೇಕು. ಅಲ್ಲಿ ಜಿನುಗಿದ ಆಯಿಲ್ ಲೈನರನ್ನೂ ತೋಯಿಸಿರುತ್ತದೆ. ಯಾವ ಚಕ್ರದಲ್ಲೂ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಜಾಗ ಬಿಚ್ಚಿ ನೋಡಿ. ಹಿಂಬದಿಯ ಸೀಲ್ ಸೋತರೆ ಆಯಿಲ್ ಬೂಸ್ಟರ್ ಒಳಗೆ ಇಳಿಯುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಮಟ್ಟ ಇಳಿಯದೆ ಪೆಡಲ್ ಮಾತ್ರ ಇಳಿಯುತ್ತಿದ್ದರೆ ಅನುಮಾನ ಮಾಸ್ಟರ್ ಸಿಲಿಂಡರ್ ಮೇಲೆ. ಒಳಗಿನ ಪಿಸ್ಟನ್‌ಗೆ ಸೈಕಲ್ ಪಂಪಿನ ವಾಷರಿನಂತೆ ಅಂಚು ಅರಳಿದ ರಬ್ಬರ್ ಕಪ್ ಇದೆ. ಒತ್ತಡ ಹೆಚ್ಚಿದಷ್ಟೂ ಅದು ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಸವೆದ ಕಪ್ ಜೋರು ತುಳಿತಕ್ಕೆ ಅಂಟಿ ನಿಂತು, ಹಗುರ ಒತ್ತಡಕ್ಕೆ ಜಾಗ ಬಿಟ್ಟು ಆಯಿಲನ್ನು ಹಿಂದಕ್ಕೆ ನುಸುಳಲು ಬಿಡುತ್ತದೆ. ಜೋರಾಗಿ ತುಳಿದಾಗ ಹಿಡಿಯುತ್ತದೆ ಎಂಬ ಧೈರ್ಯ ಮೋಸ ಮಾಡುವುದು ಇಲ್ಲಿ. ಆ ಕಪ್ ಇನ್ನಷ್ಟು ಸವೆದ ದಿನ ಜೋರು ತುಳಿತಕ್ಕೂ ಉತ್ತರ ಸಿಗುವುದಿಲ್ಲ.

ಅನುಮಾನ ಖಚಿತಪಡಿಸಲು ಒಂದು ಪರೀಕ್ಷೆಯಿದೆ. ಮಾಸ್ಟರ್ ಸಿಲಿಂಡರ್‌ನಿಂದ ಪೈಪುಗಳನ್ನು ಬಿಚ್ಚಿ, ಆ ತೂತುಗಳಿಗೆ ಸರಿಯಾದ ಥ್ರೆಡ್ಡಿನ ಪ್ಲಗ್ ಹಾಕಿ, ಗಾಳಿ ತೆಗೆದು ಪೆಡಲ್ ಒತ್ತಬೇಕು. ಈಗ ಆಯಿಲ್ ಹೊರಹೋಗಲು ದಾರಿಯಿಲ್ಲ. ಪೆಡಲ್ ಕಲ್ಲಿನಂತೆ ನಿಂತರೆ ಸಿಲಿಂಡರ್ ಚೆನ್ನಾಗಿದೆ, ದೋಷ ಮುಂದಿನ ಲೈನಿನಲ್ಲಿದೆ. ಎಬಿಎಸ್ ಇರುವ ಗಾಡಿಯಲ್ಲಿ ಅದರ ವಾಲ್ವೂ ಕಾರಣವಿರಬಹುದು. ಪ್ಲಗ್ ಹಾಕಿದಾಗಲೂ ಪೆಡಲ್ ಇಳಿದರೆ ಸಿಲಿಂಡರೇ ಕೆಟ್ಟಿದೆ.

ಕಪ್ ಸವೆಯಲು ಮುಖ್ಯ ಕಾರಣ ಹಳೆಯ ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಅದೇ ನೀರು ಸಿಲಿಂಡರ್‌ನ ಗೋಡೆಗೆ ತುಕ್ಕು ಹಿಡಿಸುತ್ತದೆ. ದಿನನಿತ್ಯ ಪಿಸ್ಟನ್ ಓಡಾಡುವ ಜಾಗ ನುಣುಪಾಗಿದ್ದು ಅದರಾಚೆ ತುಕ್ಕಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ತಳಮುಟ್ಟ ತುಳಿದರೆ ಕಪ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ನಿನ್ನೆಯವರೆಗೆ ಸರಿಯಿದ್ದ ಪೆಡಲ್ ಏರ್ ತೆಗೆಸಿದ ಮರುದಿನ ಇಳಿಯತೊಡಗುವುದು ಹೀಗೆ. ಹಳೆಯ ಗಾಡಿಯಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಟ್ಟರೆ ಇದನ್ನು ತಪ್ಪಿಸಬಹುದು.

ಸಿಲಿಂಡರ್ ಒಳಗೆ ಗೀರು, ತುಕ್ಕಿನ ಕುಳಿ ಇದ್ದರೆ ವಾಷರ್ ಕಿಟ್ ಹಾಕಿ ಪ್ರಯೋಜನವಿಲ್ಲ. ಹೊಸ ಕಪ್ಪನ್ನೂ ಅದು ತಿನ್ನುತ್ತದೆ. ಪೂರ್ತಿ ಸಿಲಿಂಡರನ್ನೇ ಬದಲಿಸುವುದು ಕ್ಷೇಮ. ಹೊಸದನ್ನು ಗಾಡಿಗೆ ಕೂರಿಸುವ ಮೊದಲು ವೈಸ್‌ಗೆ ಹಿಡಿಸಿ ಒಳಗಿನ ಗಾಳಿ ತೆಗೆಯಬೇಕು. ಆಮೇಲೆ ಕಂಪನಿಯ ಕೈಪಿಡಿ ಹೇಳಿದ ಕ್ರಮದಲ್ಲಿ ಚಕ್ರಗಳ ಏರ್ ತೆಗೆಯಬೇಕು. ಅನೇಕ ಗಾಡಿಗಳಲ್ಲಿ ಅತಿ ದೂರದ ಚಕ್ರದಿಂದ ಆರಂಭ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ತೆರೆದು, ಪೆಡಲ್ ಬಿಡುವ ಮೊದಲೇ ಮುಚ್ಚಬೇಕು. ಹೊರಬಂದ ಆಯಿಲನ್ನು ಮತ್ತೆ ಸುರಿಯಬಾರದು. ಎಂಜಿನ್ ಆಯಿಲ್ ಒಂದು ತೊಟ್ಟು ಬೆರೆತರೂ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಆಯಿಲ್ ತುಂಬಿಸಿ ಏರ್ ತೆಗೆದು ಕಳಿಸಿದರೆ ಪೆಡಲ್ ಒಂದೆರಡು ದಿನ ಎತ್ತರದಲ್ಲಿ ನಿಂತೀತು, ಆದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆಯಿಲ್ ಹೋದ ದಾರಿಯನ್ನು ಬೆರಳಿಟ್ಟು ತೋರಿಸಬಲ್ಲ ಮೆಕ್ಯಾನಿಕ್ಕಿಗೆ ಮಾತ್ರ ಗಾಡಿ ಒಪ್ಪಿಸಿ. ಗಾಡಿ ವಾಪಸು ಪಡೆಯುವಾಗ ಎಂಜಿನ್ ಚಾಲೂ ಇಟ್ಟು, ಒಂದು ನಿಮಿಷ ಪೆಡಲನ್ನು ಹಗುರವಾಗಿ ಒತ್ತಿ ಹಿಡಿಯಿರಿ. ಒಂದು ನಿಮಿಷ ಗಟ್ಟಿಯಾಗಿ. ಎರಡು ಸಲವೂ ಅದು ಇದ್ದಲ್ಲೇ ನಿಂತರೆ ಲೋಡ್ ಹಾಕಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಅದರ ಖರ್ಚು ಹೊಸ ಸಿಲಿಂಡರಿನ ಬೆಲೆಯ ಮುಂದೆ ಏನೂ ಅಲ್ಲ.