ನುಡಿಯ ನಾದ, ನುಡಿಯ ಅರ್ಥ

ಜ್ಯೇಷ್ಠಮಾಸದ ಹುಣ್ಣಿಮೆಯನ್ನು ಧಾರವಾಡ ಸೀಮೆಯ ರೈತರು ಕಾರಹುಣ್ಣಿಮೆಯೆಂದು ಆಚರಿಸುತ್ತಾರೆ. ಅಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುವರು. ಸಂಜೆ ಊರ ಅಗಸಿಯಲ್ಲಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗವನ್ನು ಅಡ್ಡಲಾಗಿ ಕಟ್ಟಿ ಎತ್ತುಗಳನ್ನು ಓಡಿಸುವರು. ಘಲ್ ಘಲ್ ಎಂದು ಗೆಜ್ಜೆ ನುಡಿಯುತ್ತದೆ. ದಡದಡ ಎಂದು ಗೊರಸುಗಳು ನೆಲವನ್ನು ತುಳಿಯುತ್ತವೆ. ಮುಂದಾದ ಎತ್ತು ಹಗ್ಗವನ್ನು ಹರಿದೊಡನೆ "ಕರಿ ಹರಿಯಿತು!" ಎಂಬ ಉದ್ಗಾರ ಹೊರಡುತ್ತದೆ. ಹರಿದ ಎತ್ತಿನ ಬಣ್ಣವನ್ನು ನೋಡಿ ಮುಂದಿನ ಬೆಳೆಯನ್ನು ಊಹಿಸುವ ರೂಢಿಯೂ ಉಂಟು.

ಘಲ್ ಘಲ್, ದಡದಡ ಎಂಬವು ಕಿವಿಗೆ ಬಿದ್ದ ಸಪ್ಪಳವನ್ನೇ ಅನುಕರಿಸುವ ಮಾತುಗಳು. ವ್ಯಾಕರಣದಲ್ಲಿ ಇವನ್ನು ಅನುಕರಣಾವ್ಯಯಗಳೆನ್ನುವರು. ಇವು ಲಿಂಗ, ವಚನ, ವಿಭಕ್ತಿಗಳಿಂದ ಮಾರ್ಪಡುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಕಿವಿಗೆ ಕೇಳದುದನ್ನೂ ಕನ್ನಡಿಗನು ಈ ಬಗೆಯ ಮಾತಿನಲ್ಲಿ ಹಿಡಿದಿದ್ದಾನೆ. ದೀಪ ಮಿಣಮಿಣ ಎನ್ನುತ್ತದೆ. ಒಗ್ಗರಣೆ ಘಮಘಮ ಎನ್ನುತ್ತದೆ.

"ಕರಿ ಹರಿಯಿತು" ಎಂಬುದು ಇನ್ನೊಂದು ಬಗೆ. ಕರಿ ಎಂದರೆ ಕಪ್ಪು, ಆನೆ, ಎಣ್ಣೆಯಲ್ಲಿ ಬೇಯಿಸು; ಇಲ್ಲಿ ಅಗಸಿಗೆ ಕಟ್ಟಿದ ಹಗ್ಗ. ಹರಿ ಎಂದರೆ ತುಂಡಾಗು, ಪ್ರವಹಿಸು, ವಿಷ್ಣು. ಅಗಸಿಯಾದರೂ ಊರಬಾಗಿಲೂ ಹೌದು, ಚಟ್ನಿಪುಡಿಯ ಕಾಳೂ ಹೌದು. ಇಂಥವು ನಾನಾರ್ಥ ಪದಗಳು. ಇವು ಹುಟ್ಟುವ ದಾರಿ ಎರಡು. ಕಪ್ಪೆಂಬ ಕರಿ ಕನ್ನಡದ್ದು, ಆನೆಯೆಂಬ ಕರಿ ಸಂಸ್ಕೃತದ್ದು. ಬೇರೆ ಬೇರೆ ಪದಗಳು ಒಂದೇ ರೂಪದಲ್ಲಿ ಕೂಡಿವೆ. ಆದರೆ ರೊಟ್ಟಿ ಬಡಿಯುವುದು, ಡೊಳ್ಳು ಬಡಿಯುವುದು, ಸಿಡಿಲು ಬಡಿಯುವುದು ಎಂಬಲ್ಲಿ ಒಂದೇ ಪದ ಬಳಕೆಯಿಂದ ಹರಡಿಕೊಂಡಿದೆ. ಅನುಕರಣ ಪದವೂ ಹೀಗೆ ಹರಡಬಲ್ಲದು: ದುಃಖಿತಳು ಗಳಗಳ ಅಳುತ್ತಾಳೆ, ಜಾಣ ಹುಡುಗ ಪಾಠವನ್ನು ಗಳಗಳ ಓದುತ್ತಾನೆ.

ಅರ್ಥವನ್ನು ನಿರ್ಣಯಿಸುವುದು ಸಂದರ್ಭ, ಕೆಲವೊಮ್ಮೆ ಪ್ರದೇಶ. ಮೈಸೂರು ಕಡೆ ಹಳ್ಳವೆಂದರೆ ತಗ್ಗು. ನವಲಗುಂದದ ಕಡೆ ಹಳ್ಳವೆಂದರೆ ಹರಿಯುವ ನೀರು. ಕುಂದಗೋಳ, ನವಲಗುಂದದ ಎರೆಭೂಮಿಯಲ್ಲಿ ಸಾಗಿ ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳವು ಮಳೆ ಹೆಚ್ಚಿದಾಗ ಹೊಲಗಳನ್ನು ಮುಳುಗಿಸುತ್ತದೆ. ಆಗ "ಹಳ್ಳ ಬಂತು!" ಎಂಬ ಕೂಗನ್ನು ಕೇಳಿದ ಊರವನು ದನಗಳನ್ನು ಬಿಚ್ಚಿಕೊಂಡು ದಿನ್ನೆಗೆ ಧಾವಿಸುತ್ತಾನೆ. ತಗ್ಗೆಂದು ತಿಳಿದ ಪರಸ್ಥಳದವನು ನೆಲವನ್ನು ನೋಡುತ್ತ ನಿಂತರೆ ಅಪಾಯಕ್ಕೆ ಸಿಲುಕುತ್ತಾನೆ. ಆ ಹೊತ್ತಿನಲ್ಲಿ ಭೋರ್ ಎಂಬ ಸದ್ದೊಂದೇ ಅವನಿಗೆ ಸರಿಯಾದ ಅರ್ಥವನ್ನು ತಿಳಿಸಬಲ್ಲದು.

ನಿಘಂಟು ಪದದ ಅರ್ಥಗಳನ್ನು ಎಣಿಸಿ ಕೊಡುತ್ತದೆ. ಅವುಗಳಲ್ಲಿ ತಕ್ಕುದನ್ನು ಆರಿಸುವ ವಿವೇಕವು ಜನರ ನಡುವೆ ಬಾಳಿ, ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಲಭಿಸುತ್ತದೆ.