ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಪುರುಷತ್ವದ ಕಲ್ಪನೆ

ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಪುರುಷತ್ವದ ಕಲ್ಪನೆಯು ಆ ದೇಶದ ಧಾರ್ಮಿಕ ಹಾಗೂ ರಾಜಕೀಯ ಇತಿಹಾಸಕಾರರು ವಿಶೇಷವಾಗಿ ಗಮನಿಸಿರುವ ವಿಷಯವಾಗಿದೆ. ಕ್ರೈಸ್ತ ಗಂಡಸು ಹೇಗಿರಬೇಕು, ಮನೆಯಲ್ಲಿಯೂ ಚರ್ಚಿನಲ್ಲಿಯೂ ಅವನ ಅಧಿಕಾರವೆಷ್ಟು, ದೇಶದ ನಾಯಕನಿಗೆ ಯಾವ ಗುಣಗಳಿರಬೇಕು ಎಂಬ ಪ್ರಶ್ನೆಗಳಿಗೆ ಈ ಸಮುದಾಯವು ಕಳೆದ ನೂರು ವರ್ಷಗಳಲ್ಲಿ ನೀಡಿದ ಉತ್ತರಗಳು ಏಕರೂಪವಾಗಿಲ್ಲ. ಒಮ್ಮೆ ಯೋಧನೂ ಇನ್ನೊಮ್ಮೆ ಮೃದುಹೃದಯದ ತಂದೆಯೂ ಆದರ್ಶವೆನಿಸಿದ್ದಾರೆ. ಈ ಉತ್ತರಗಳು ಮತದಾನದ ಮೇಲೂ ಚರ್ಚಿನ ಆಡಳಿತದ ಮೇಲೂ ಪ್ರಭಾವ ಬೀರಿವೆ.

ಪದದ ಅರ್ಥ ಮತ್ತು ವ್ಯಾಪ್ತಿ

‘ಇವ್ಯಾಂಜೆಲಿಕಲ್’ ಎಂಬುದು ‘ಶುಭವಾರ್ತೆ’ ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಪದ. ಕನ್ನಡ ಕ್ರೈಸ್ತರು ಬಳಸುವ ‘ಸುವಾರ್ತೆ’ ಎಂಬ ಪದಕ್ಕೂ ಇದೇ ಅರ್ಥವಿದೆ. ಇದು ಒಂದೇ ಪಂಗಡದ ಹೆಸರಲ್ಲ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್, ಪ್ರೆಸ್ಬಿಟೇರಿಯನ್ ಹಾಗೂ ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಗಳಲ್ಲಿ ಹರಡಿರುವ ಪ್ರವಾಹ. ಬೈಬಲ್ಲಿನ ಪರಮಾಧಿಕಾರ, ಶಿಲುಬೆಯ ಮೂಲಕ ರಕ್ಷಣೆ, ‘ಮರುಜನ್ಮ’ದ ವೈಯಕ್ತಿಕ ಅನುಭವ ಮತ್ತು ಸುವಾರ್ತೆಯ ಪ್ರಸಾರ ಇದರ ಮುಖ್ಯ ಲಕ್ಷಣಗಳು. ರೋಮನ್ ಕ್ಯಾಥೋಲಿಕರಿಗೆ ಇರುವಂತೆ ಇವರಿಗೆ ಪೋಪ್ ಇಲ್ಲ. ಆದ್ದರಿಂದ ರೇಡಿಯೊ, ಪುಸ್ತಕ, ದೂರದರ್ಶನ ಮತ್ತು ಬೃಹತ್ ಸಮಾವೇಶಗಳ ಮೂಲಕ ಜನಪ್ರಿಯರಾದ ವ್ಯಕ್ತಿಗಳೇ ಇಲ್ಲಿ ಅಭಿಪ್ರಾಯವನ್ನು ರೂಪಿಸುತ್ತಾರೆ. ಪುರುಷತ್ವದ ಕುರಿತ ವಿಚಾರಗಳೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ಹರಡಿದವು.

ಆರಂಭದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ, ಥಾಮಸ್ ಹ್ಯೂಸ್ ಮೊದಲಾದವರ ಬರಹಗಳ ಸುತ್ತ ‘ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ’ ಎಂಬ ವಿಚಾರ ಬೆಳೆಯಿತು. ದೇಹಬಲವೂ ಸದಾಚಾರವೂ ಜೊತೆಗೂಡಬೇಕೆಂಬುದು ಅದರ ಸಾರ. ಅಮೆರಿಕದಲ್ಲಿ ವೈ.ಎಂ.ಸಿ.ಎ. ಇದಕ್ಕೆ ನೆಲೆಯಾಯಿತು. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಅದರ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜೂ ಇದೇ ಪರಂಪರೆಯ ಕೊಡುಗೆ.

ಈ ಕಾಳಜಿಯ ಹಿಂದೆ ಒಂದು ಅಳುಕೂ ಇತ್ತು. ಚರ್ಚಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚಾಗಿದ್ದುದರಿಂದ ಧರ್ಮವು ‘ಹೆಣ್ಣಿಗತನ’ಕ್ಕೆ ತಿರುಗುತ್ತಿದೆ ಎಂದು ಹಲವು ಬೋಧಕರು ಭಾವಿಸಿದ್ದರು. ಗಂಡಸರನ್ನು ಮರಳಿ ಕರೆತರಲು 1911–12ರಲ್ಲಿ ‘ಮೆನ್ ಅಂಡ್ ರಿಲಿಜನ್ ಫಾರ್ವರ್ಡ್ ಮೂವ್‌ಮೆಂಟ್’ ಎಂಬ ಆಂದೋಲನ ನಡೆಯಿತು. ವೃತ್ತಿಪರ ಬೇಸ್‌ಬಾಲ್ ಆಟಗಾರನಾಗಿದ್ದು ಬೋಧಕನಾದ ಬಿಲ್ಲಿ ಸಂಡೇ (1862–1935) ವೇದಿಕೆಯ ಮೇಲೆ ಜಿಗಿದು, ಮುಷ್ಟಿ ಬೀಸಿ ಉಪದೇಶಿಸುತ್ತಿದ್ದರು.

ರಾಜಕೀಯ ಪ್ರವೇಶ

ಎರಡನೆಯ ಮಹಾಯುದ್ಧದ ನಂತರ, ಶೀತಲ ಸಮರದ ಕಾಲದಲ್ಲಿ, ಕಮ್ಯುನಿಸಂ ದೇವರಿಗೂ ಕುಟುಂಬಕ್ಕೂ ಶತ್ರುವೆಂಬ ಭಾವನೆ ಬಲಗೊಂಡಿತು. 1949ರ ಲಾಸ್ ಏಂಜಲಿಸ್ ಸಭೆಗಳಿಂದ ಪ್ರಸಿದ್ಧರಾದ ಬಿಲ್ಲಿ ಗ್ರಹಾಂ ಅವರ ಉಪದೇಶದಲ್ಲಿ ಈ ಧ್ವನಿ ಸ್ಪಷ್ಟವಾಗಿತ್ತು.

1970ರ ದಶಕದಲ್ಲಿ ಮಹಿಳಾ ಚಳವಳಿ, ವಿಯೆಟ್ನಾಂ ಯುದ್ಧದ ಸೋಲು ಮತ್ತು ಗರ್ಭಪಾತದ ಕುರಿತ 1973ರ ಸುಪ್ರೀಂ ಕೋರ್ಟ್ ತೀರ್ಪು ಒಟ್ಟಿಗೇ ಬಂದವು. 1972ರಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆ ಪಡೆದ ಸಮಾನ ಹಕ್ಕುಗಳ ತಿದ್ದುಪಡಿಯು, ಬೇಕಾಗಿದ್ದ 38 ರಾಜ್ಯಗಳ ಅನುಮೋದನೆ ದೊರೆಯದೆ 1982ರಲ್ಲಿ ಬಿದ್ದುಹೋಯಿತು. ಅದನ್ನು ವಿರೋಧಿಸಿದವರ ನಾಯಕಿ ಫಿಲಿಸ್ ಶ್ಲಾಫ್ಲಿ ಕ್ಯಾಥೋಲಿಕ್ ಆಗಿದ್ದರೂ ಇವ್ಯಾಂಜೆಲಿಕಲ್ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಅವರ ಜೊತೆಗೂಡಿದರು. ಮನಶ್ಶಾಸ್ತ್ರಜ್ಞ ಜೇಮ್ಸ್ ಡಾಬ್ಸನ್ 1977ರಲ್ಲಿ ‘ಫೋಕಸ್ ಆನ್ ದ ಫ್ಯಾಮಿಲಿ’ ಸಂಸ್ಥೆಯನ್ನೂ, ಬೋಧಕ ಜೆರ್ರಿ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ಯನ್ನೂ ಸ್ಥಾಪಿಸಿದರು.

1980ರ ಅಧ್ಯಕ್ಷ ಚುನಾವಣೆ ಈ ಬದಲಾವಣೆಯನ್ನು ಚೆನ್ನಾಗಿ ತೋರಿಸುತ್ತದೆ. ಜಿಮ್ಮಿ ಕಾರ್ಟರ್ ಸ್ವತಃ ಸದರ್ನ್ ಬ್ಯಾಪ್ಟಿಸ್ಟ್ ಆಗಿದ್ದು ಭಾನುವಾರದ ಬೈಬಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಎದುರಾಳಿ ರೊನಾಲ್ಡ್ ರೇಗನ್ ವಿಚ್ಛೇದಿತರು, ಚಲನಚಿತ್ರ ನಟರಾಗಿದ್ದವರು. ಬಿಳಿಯ ಇವ್ಯಾಂಜೆಲಿಕಲ್ ನಾಯಕರಲ್ಲಿ ಅನೇಕರು ರೇಗನ್ನರ ಪಕ್ಷ ವಹಿಸಿದರು. ನಾಯಕನ ಭಕ್ತಿಗಿಂತ ಅವನ ದೃಢತೆಯ ನಿಲುವು ಹೆಚ್ಚು ಬೆಲೆ ಪಡೆಯಿತೆಂದು ಕೆಲವು ಇತಿಹಾಸಕಾರರು ವಿವರಿಸುತ್ತಾರೆ.

ದೈವಶಾಸ್ತ್ರದ ಎರಡು ನಿಲುವುಗಳು

ಗಂಡು ಹೆಣ್ಣುಗಳು ದೇವರ ಮುಂದೆ ಸಮಾನರಾದರೂ ಅವರ ಪಾತ್ರಗಳು ಬೇರೆ, ನಾಯಕತ್ವ ಗಂಡಿನದು ಎಂಬುದು ‘ಪೂರಕವಾದ’. 1987ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಡಾನ್ವರ್ಸ್‌ನಲ್ಲಿ ಸಿದ್ಧವಾದ ಹೇಳಿಕೆಯೊಂದು ಇದನ್ನು ಪ್ರತಿಪಾದಿಸುತ್ತದೆ. ಇದಕ್ಕೆ ಎದುರಾಗಿ ‘ಸಮಾನತಾವಾದಿ’ಗಳು 1988ರಲ್ಲಿ ‘ಕ್ರಿಶ್ಚಿಯನ್ಸ್ ಫಾರ್ ಬಿಬ್ಲಿಕಲ್ ಈಕ್ವಾಲಿಟಿ’ ಎಂಬ ಸಂಸ್ಥೆ ಕಟ್ಟಿದರು. ಇವರೂ ಬೈಬಲ್ಲನ್ನೇ ಪ್ರಮಾಣವೆಂದು ಒಪ್ಪುವವರು. ಆದ್ದರಿಂದ ಇದನ್ನು ಆಸ್ತಿಕರಿಗೂ ನಾಸ್ತಿಕರಿಗೂ ನಡುವಣ ಜಗಳವೆಂದು ತಿಳಿಯುವುದು ಸರಿಯಲ್ಲ. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 2000ದಲ್ಲಿ ಪಾಸ್ಟರ್ ಹುದ್ದೆಯನ್ನು ಪುರುಷರಿಗೆ ಸೀಮಿತಗೊಳಿಸಿತು. ಅದೇ ವರ್ಷ ಕಾರ್ಟರ್ ಅದರೊಂದಿಗಿನ ಸಂಬಂಧ ಕಡಿದುಕೊಳ್ಳುವುದಾಗಿ ಪ್ರಕಟಿಸಿದರು.

ಪ್ರಾಮಿಸ್ ಕೀಪರ್ಸ್ ಮತ್ತು ನಂತರ

ಕೊಲೊರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ ಬಿಲ್ ಮೆಕಾರ್ಟ್ನಿ 1990ರಲ್ಲಿ ‘ಪ್ರಾಮಿಸ್ ಕೀಪರ್ಸ್’ ಎಂಬ ಪುರುಷರ ಸಂಘಟನೆಯನ್ನು ಆರಂಭಿಸಿದರು. ಕ್ರೀಡಾಂಗಣಗಳಲ್ಲಿ ಸೇರಿದ ಗಂಡಸರು ಹೆಂಡತಿ ಮಕ್ಕಳಿಗೆ ನಿಷ್ಠರಾಗಿರುವುದಾಗಿ, ಜನಾಂಗಭೇದ ಮೀರುವುದಾಗಿ ಪ್ರತಿಜ್ಞೆ ಮಾಡುತ್ತಿದ್ದರು. ಪರಸ್ಪರ ಅಪ್ಪಿಕೊಂಡು ಬಹಿರಂಗವಾಗಿ ಅಳುತ್ತಿದ್ದರು. 1997ರ ಅಕ್ಟೋಬರ್ 4ರಂದು ವಾಷಿಂಗ್ಟನ್ನಿನಲ್ಲಿ ಇವರ ಬೃಹತ್ ಸಮಾವೇಶ ನಡೆಯಿತು. ಕುಟುಂಬದ ನಾಯಕತ್ವವನ್ನು ಗಂಡಸು ಮರಳಿ ಪಡೆಯಬೇಕೆಂಬ ಬೋಧನೆಯನ್ನು ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಮರುವರ್ಷದಿಂದಲೇ ಆರ್ಥಿಕ ತೊಂದರೆಯಿಂದ ಸಂಘಟನೆ ಕುಗ್ಗಿತು.

ಮುಂದೆ ಸ್ವರ ಬದಲಾಯಿತು. ಗಂಡಸಿಗೆ ಯುದ್ಧವೂ ಸಾಹಸವೂ ಸಹಜವೆಂದು ಹೇಳಿದ ಜಾನ್ ಎಲ್ಡ್ರೆಜ್ ಅವರ ‘ವೈಲ್ಡ್ ಅಟ್ ಹಾರ್ಟ್’ 2001ರಲ್ಲಿ ಪ್ರಕಟವಾಗಿ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚಿನ ಮಾರ್ಕ್ ಡ್ರಿಸ್ಕಾಲ್ ಗಡಸು ಮಾತಿನ ಪೌರುಷಕ್ಕೆ ಹೆಸರಾದರು. ಅಧಿಕಾರ ದುರ್ಬಳಕೆಯ ಆರೋಪಗಳ ನಡುವೆ ಅವರು 2014ರಲ್ಲಿ ರಾಜೀನಾಮೆ ನೀಡಿದರು, ಚರ್ಚೂ ವಿಸರ್ಜನೆಯಾಯಿತು.

2016ರ ಚುನಾವಣೆ

ಸಾರ್ವಜನಿಕ ಅಧಿಕಾರಿಗಳ ನೈತಿಕ ಶೀಲವು ಮುಖ್ಯವೆಂದು ಸದರ್ನ್ ಬ್ಯಾಪ್ಟಿಸ್ಟರು 1998ರಲ್ಲಿ, ಬಿಲ್ ಕ್ಲಿಂಟನ್ ಪ್ರಕರಣದ ಕಾಲದಲ್ಲಿ, ನಿರ್ಣಯ ಕೈಗೊಂಡಿದ್ದರು. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಐವರಲ್ಲಿ ಸುಮಾರು ನಾಲ್ವರು ಡೊನಾಲ್ಡ್ ಟ್ರಂಪ್ ಅವರಿಗೆ ಮತ ನೀಡಿದರು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವರೂ ಸಾರ್ವಜನಿಕ ಕರ್ತವ್ಯದಲ್ಲಿ ನೀತಿವಂತರಾಗಿರಬಲ್ಲರು ಎಂದವರ ಪ್ರಮಾಣ, ಪಿ.ಆರ್.ಆರ್.ಐ. ಸಮೀಕ್ಷೆಗಳ ಪ್ರಕಾರ, ಈ ಗುಂಪಿನಲ್ಲಿ 2011ರಲ್ಲಿ ಶೇ. 30 ಇದ್ದದ್ದು 2016ರಲ್ಲಿ ಶೇ. 72ಕ್ಕೆ ಏರಿತ್ತು.

ಇತಿಹಾಸಕಾರ್ತಿ ಕ್ರಿಸ್ಟಿನ್ ಕೋಬ್ಸ್ ಡು ಮೆಜ್ ತಮ್ಮ ‘ಜೀಸಸ್ ಅಂಡ್ ಜಾನ್ ವೇನ್’ (2020) ಗ್ರಂಥದಲ್ಲಿ, ಇದು ತತ್ತ್ವತ್ಯಾಗವಲ್ಲ, ದಶಕಗಳಿಂದ ಬೆಳೆಸಿದ ಯೋಧ ಪುರುಷನ ಆದರ್ಶದ ಫಲ ಎಂದು ವಾದಿಸಿದ್ದಾರೆ. ಶೀರ್ಷಿಕೆಯಲ್ಲಿರುವ ನಟ ಜಾನ್ ವೇನ್ ಇವ್ಯಾಂಜೆಲಿಕಲ್ ಆಗಿರಲಿಲ್ಲ. 1979ರಲ್ಲಿ ಸಾಯುವ ಮುನ್ನ ಅವರು ಕ್ಯಾಥೋಲಿಕ್ ಆದರು. ಗರ್ಭಪಾತ ಮತ್ತು ಸುಪ್ರೀಂ ಕೋರ್ಟ್ ನೇಮಕಾತಿಗಳಂಥ ಕಾರಣಗಳಿಗೆ ಈ ವಾದವು ಕಡಿಮೆ ತೂಕ ಕೊಡುತ್ತದೆ ಎಂಬುದು ವಿಮರ್ಶಕರ ಆಕ್ಷೇಪ. ಹೆಚ್ಚುಕಡಿಮೆ ಇದೇ ನಂಬಿಕೆಗಳುಳ್ಳ ಕಪ್ಪು ಪ್ರಾಟೆಸ್ಟೆಂಟರು ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ ಮತ ನೀಡುವುದರಿಂದ, ನಂಬಿಕೆಯೊಂದರಿಂದಲೇ ರಾಜಕೀಯವನ್ನು ವಿವರಿಸಲಾಗದು.

ಕುಟುಂಬ ಜೀವನ ಮತ್ತು ದೌರ್ಜನ್ಯದ ಪ್ರಶ್ನೆ

ಬೋಧನೆಗೂ ಬದುಕಿಗೂ ಅಂತರವಿದೆ. ಸಮಾಜಶಾಸ್ತ್ರಜ್ಞ ಬ್ರಾಡ್‌ಫರ್ಡ್ ವಿಲ್ಕಾಕ್ಸ್ 2004ರ ತಮ್ಮ ಗ್ರಂಥದಲ್ಲಿ, ತಪ್ಪದೆ ಚರ್ಚಿಗೆ ಹೋಗುವ ಸಂಪ್ರದಾಯನಿಷ್ಠ ತಂದೆಯರು ಮಕ್ಕಳೊಡನೆ ಹೆಚ್ಚು ಅಕ್ಕರೆಯಿಂದ ಬೆರೆಯುತ್ತಾರೆಂದು ತೋರಿಸಿದರು. ಗಂಡನ ಯಜಮಾನಿಕೆಯನ್ನು ಬಾಯಲ್ಲಿ ಒಪ್ಪುವ ಅನೇಕ ದಂಪತಿಗಳು ತೀರ್ಮಾನಗಳನ್ನು ಕೂಡಿಯೇ ಮಾಡುತ್ತಾರೆಂದು ಸ್ಯಾಲಿ ಗ್ಯಾಲಘರ್ ಗುರುತಿಸಿದ್ದಾರೆ.

ಇನ್ನೊಂದು ಮುಖ ಕಠೋರವಾದುದು. 2019ರಲ್ಲಿ ಟೆಕ್ಸಾಸಿನ ಎರಡು ಪತ್ರಿಕೆಗಳು, ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಇಪ್ಪತ್ತು ವರ್ಷಗಳಲ್ಲಿ ಸುಮಾರು 700 ಮಂದಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ವರದಿ ಮಾಡಿದವು. ದೂರು ತಂದವರನ್ನು ಮುಖಂಡರು ಕಡೆಗಣಿಸಿದ್ದರೆಂದೂ, ಆರೋಪಿತರ ಪಟ್ಟಿಯೊಂದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆಂದೂ 2022ರ ಸ್ವತಂತ್ರ ತನಿಖೆ ಬಯಲು ಮಾಡಿತು. ಪುರುಷಾಧಿಕಾರದ ಬೋಧನೆಯೇ ಇದಕ್ಕೆ ಕಾರಣವೆಂದು ಕೆಲವರೂ, ಆ ಬೋಧನೆಯ ಉಲ್ಲಂಘನೆಯೇ ಕಾರಣವೆಂದು ಪೂರಕವಾದಿಗಳೂ ಹೇಳುತ್ತಾರೆ. ಮಹಿಳೆಯರ ಬೈಬಲ್ ಬೋಧಕಿಯಾಗಿ ಖ್ಯಾತರಾದ ಬೆತ್ ಮೂರ್ 2021ರಲ್ಲಿ ಸದರ್ನ್ ಬ್ಯಾಪ್ಟಿಸ್ಟರಿಂದ ಹೊರಬಂದರು. ಮಹಿಳಾ ಪಾಸ್ಟರನ್ನು ನೇಮಿಸಿದ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚನ್ನು 2023ರಲ್ಲಿ ಕನ್ವೆನ್ಷನ್ನಿನಿಂದ ಹೊರಹಾಕಲಾಯಿತು.